ಎಕೋ ಮಾಡಸ್ತಾರ, ಎಕ್ಮೋ ಹಚ್ತಾರ

ಮನ್ನೆ ಮುಂಜಾನೆ ನಮ್ಮ ಮನಿತನದ ವಾಟ್ಸಾಪ್ ಗ್ರೂಪಿಗೆ ಗದಗಿಂದ ಮೆಸೇಜ್ ಬಂತು, "ಕಾಕಾಗ ನಿನ್ನೆ ಎಕ್ಮೋ ಮಾಡ್ಸೇವಿ, ರಿಪೋರ್ಟ್ ನಾರ್ಮಲ್ ಐತಿ" ಅಂತ. ಎಕ್ಮೋ ಅಂದ್ರ ಐಸಿಯುದಾಗ ಜೀವಾ ಹಿಡದಿಡಾಕ ಹಚ್ಚೋ ಮಷಿನ್, ಅದಕ್ಕ ಹಾವೇರಿ ಅತ್ತಿ ಅರ್ಧಾ ಓದಿ ಅಳಕೋತ ನನಗ ಫೋನ್ ಹಚ್ಚಿದ್ಲು, ಹುಬ್ಬಳ್ಳ್ಯಾಗಿನ ತಮ್ಮ ಗಾಡಿ ತಗೊಂಡು ಹೊಂಟೇ ಬಿಟ್ಟಿದ್ದ, ಅಣ್ಣಿಗೇರಿ ಹತ್ರ ಹೋದಮ್ಯಾಲ ಅವಗ ಖರೇ ಸುದ್ದಿ ಗೊತ್ತಾತು. ಕಾಕಾಗ ಮಾಡಿಸಿದ್ದು ಎಕೋ. ಎದಿಗೆ ಜೆಲ್ ಹಚ್ಚಿ, ಕೈಯಾಗಿನ ಪ್ರೋಬ್ ಆಡಿಸಿ, ಹಾರ್ಟ್ ಹೆಂಗ ಬಡಕೊಳ್ಳಾಕತ್ತೈತಿ ಅಂತ ಟಿವಿಯೊಳಗ ನೋಡೋ ಸ್ಕ್ಯಾನಿಂಗು. ಈ ಎರಡು ಹೆಸರು ಅದಲು ಬದಲು ಆಗಿದ್ದು ಈ ವರ್ಷ ನಾ ಕಂಡ ಮೂರನೇ ಸಲ, ಅದಕ್ಕ ಇವತ್ತು ಬರದ ಬಿಡೋಣಂತ ಕುಂತೆ.

ಎಕೋ ಅಂದ್ರ ಮಾರ್ದನಿ, ಗ್ರೀಕ್ ಶಬ್ದ. ಕಿವಿಗೆ ಕೇಳದ ಸಪ್ಪಳ ಎದಿಯೊಳಗ ಬಿಟ್ಟು ಅದು ಬಡದು ತಿರುಗಿ ಬಂದದ್ದನ್ನ ಚಿತ್ರಾ ಮಾಡ್ತಾರ, ಅದಕ್ಕ ಆ ಹೆಸರು. ಎಕ್ಮೋ ಅನ್ನೋದು ಶಬ್ದನ ಅಲ್ಲ, ಎಕ್ಸ್‌ಟ್ರಾಕಾರ್ಪೊರಿಯಲ್ ಮೆಂಬ್ರೇನ್ ಆಕ್ಸಿಜನೇಷನ್ ಅನ್ನೋದರ ಇ, ಸಿ, ಎಂ, ಒ ಅಕ್ಷರ ಕೂಡಿಸಿ ಓದಿದ್ದು. ಬಾಯಾಗ ಸನೇಕ ಕೇಳ್ತಾವ, ಆದ್ರ ಎರಡಕ್ಕೂ ಸಂಬಂಧನ ಇಲ್ಲ. ಒಂದು ಪರೀಕ್ಷೆ, ಇನ್ನೊಂದು ಐಸಿಯುದಾಗ ಜೀವಾ ಹಿಡದಿಡೋ ಮಷಿನ್. ನಮ್ಮ ಕಡೆ ಮಾತಿನಾಗ ಇದಕ್ಕ ಭಾಳ ಚಲೋ ಗುರುತು ಮದ್ಲ ಐತಿ, ಕ್ರಿಯಾಪದ ನೋಡ್ರಿ: ಎಕ್ಸರೇ, ಇಸಿಜಿ, ಎಕೋ ಇವನ್ನ ಮಾಡಸ್ತೀವಿ, ಸಲಾಯಿನ್, ಆಕ್ಸಿಜನ್, ಎಕ್ಮೋ ಇವನ್ನ ಹಚ್ತೀವಿ. ಮಾಡಿಸಿದ್ದಕ್ಕ ರಿಪೋರ್ಟ್ ಬರತೈತಿ, ಹಚ್ಚಿದ್ದನ್ನ ಒಂದಿನ ತಗೀಬೇಕಾಗತೈತಿ. "ಎಕ್ಮೋ ರಿಪೋರ್ಟ್ ನಾರ್ಮಲ್" ಅನ್ನೋ ಮಾತಿಗೆ ಅರ್ಥನ ಇಲ್ಲ.

ಈಗ ಹೆಸರು ಬಿಡಿಸಿ ನೋಡೂಣು, ಯಾಕಂದ್ರ ಕೆಲಸ ಎಲ್ಲಾ ಹೆಸರಿನಾಗ ಐತಿ. ಎಕ್ಸ್‌ಟ್ರಾ ಅಂದ್ರ ಲ್ಯಾಟಿನ್ನಿನಾಗ ಹೊರಗ. ನಾವು ಹೋಟೆಲಿನಾಗ ಎಕ್ಸ್‌ಟ್ರಾ ಚಟ್ನಿ ಕೇಳೋ ಎಕ್ಸ್‌ಟ್ರಾ ಅಲ್ಲ, 'ಎಕ್ಸ್‌ಟ್ರಾ ಆಕ್ಸಿಜನ್ ಕೊಡೋದು' ಅಂತ ಒಬ್ರು ಬರದಿದ್ದು ಓದೇನಿ, ತಪ್ಪು. ಕಾರ್ಪಸ್ ಅಂದ್ರ ದೇಹ, ಹುಬ್ಬಳ್ಳಿ-ಧಾರವಾಡ ಕಾರ್ಪೊರೇಷನ್ ಅಂತೀವಲ್ಲ ಅದರಾಗೂ ಇದ ಕಾರ್ಪಸ್ ಕುಂತೈತಿ, ಭಾಳ ಮಂದಿ ಕೂಡಿ ಒಂದ ದೇಹ ಆಗೋದು. ಅಂದಮ್ಯಾಲ ದೇಹದ ಹೊರಗ. ಮೆಂಬ್ರೇನ್‌ಗೆ ನಮ್ಮಲ್ಲೇ ಶಬ್ದ ಐತಿ, ಪೊರೆ. ಕಣ್ಣಿಗೆ ಬರೋ ಪೊರೆ, ಹಾವು ಬಿಡೋ ಪೊರೆ. ಹಳಗನ್ನಡದಾಗ ಪೊರೆ ಅಂದ್ರ ಕಾಪಾಡು ಅಂತನೂ ಐತಿ, "ಪೊರೆಯೋ ದೇವರೇ" ಅಂತ ಈಗೂ ಹಾಡ್ತೀವಿ. ಎರಡೂ ಒಂದ ಬೇರಿನವು ಅಂತ ನಾ ಹೇಳಾಕತ್ತಿಲ್ಲ, ಆದ್ರ ಈ ಮಷಿನ್ನಿನ ಪೊರೆ ಮಾಡೋ ಕೆಲಸ ನೋಡಿದ್ರ ನನಗ ಪ್ರತಿ ಸಲ ಆ ಎರಡನೇ ಅರ್ಥನ ನೆನಪಾಗತೈತಿ.

ತೊಡಿ ಇಲ್ಲಾ ಕುತಗಿ ದೊಡ್ಡ ರಕ್ತನಾಳಕ್ಕ ಪೆನ್ಸಿಲ್ ದಪ್ಪದ ನಳಿಗಿ ಹಾಕಿ, ಕಪ್ಪಗಾದ ರಕ್ತ ಪಂಪಿನಿಂದ ಹೊರಗ ಎಳೀತಾರ, ದೊಡ್ಡವರಿಗಾದ್ರ ನಿಮಿಷಕ್ಕ 3ರಿಂದ 5 ಲೀಟರ್. ಆಕ್ಸಿಜನೇಟರ್ ಅನ್ನೋ ಡಬ್ಬಿಯೊಳಗ ಕೂದಲಿನಂಥಾ ಪೊಳ್ಳ ನಳಿಗಿ ಸಾವಿರಗಟ್ಟಲೆ ಇರತಾವ, ಅವುಗಳ ಒಳಗ ಗ್ಯಾಸ್, ಹೊರಗ ರಕ್ತ, ನಡುವ ಪೊರೆ. ರಕ್ತಕ್ಕ ಆಕ್ಸಿಜನ್ ಸೇರಿ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿ ರಕ್ತ ಕೆಂಪಗ ಆಗಿ ತಿರುಗಿ ಮೈಯೊಳಗ ಬರತೈತಿ. ಬರೇ ಪುಪ್ಪಸ ಕೈಕೊಟ್ಟಿದ್ರ ರಕ್ತಾ ತಿರುಗಿ ಅಭಿಧಮನಿಗೇ ಬಿಡ್ತಾರ, ಅದು ವೀನೋ-ವೀನಸ್, ಅಂದ್ರ ವಿವಿ. ಹಾರ್ಟೂ ಕೈಕೊಟ್ಟಿದ್ರ ಅಪಧಮನಿಗೆ ಬಿಡ್ತಾರ, ಅದು ವೀನೋ-ಆರ್ಟೀರಿಯಲ್, ಅಂದ್ರ ವಿಎ, ಅಲ್ಲಿ ಪಂಪು ಹಾರ್ಟಿನ ಕೆಲಸಾನೂ ಮಾಡತೈತಿ.

ಇನ್ನ ಪೇಪರಿನವರು. ವೆಂಟಿಲೇಟರಿಗೂ 'ಕೃತಕ ಉಸಿರಾಟ', ಎಕ್ಮೋಕ್ಕೂ 'ಕೃತಕ ಉಸಿರಾಟ'! 2020ರಾಗ ಎಸ್‌ಪಿಬಿ ಅವರು ಚೆನ್ನೈಯಾಗ ಆಸ್ಪತ್ರ್ಯಾಗಿದ್ದಾಗ ಬುಲೆಟಿನ್‌ದಾಗ ವೆಂಟಿಲೇಟರ್ ಮತ್ತು ಎಕ್ಮೋ ಅಂತ ಎರಡೂ ಹೆಸರು ಬರತಿದ್ವು, ಬ್ಯಾರೆ ಬ್ಯಾರೆ ಅಂತನ ಎರಡೂ ಬರದಿದ್ದರು. ವೆಂಟಿಲೇಟರ್ ಊದುಗೊಳವಿ ಇದ್ದಂಗ, ಗಾಳಿ ಪುಪ್ಪಸಕ್ಕ ನೂಕತೈತಿ, ಅಲ್ಲಿಂದ ರಕ್ತಕ್ಕ ಸೇರಸೋ ಕೆಲಸ ಪುಪ್ಪಸನ ಮಾಡಬೇಕು. ಕಟಿಗಿ ತೊಯ್ದು ತೊಪ್ಪಡಿ ಆಗಿದ್ರ ಎಷ್ಟ ಊದಿದ್ರೂ ಒಲಿ ಹತ್ತೂದಿಲ್ಲ, ನ್ಯುಮೋನಿಯಾದಾಗ ನೀರು ಕೀವು ತುಂಬಿದ ಪುಪ್ಪಸದ ಕಥೀನೂ ಅದ, ಜೋರ ಊದಿದ್ರ ಇನ್ನಷ್ಟು ಕೆಡತೈತಿ. ಎಕ್ಮೋ ಅಂದ್ರ ಬಾಜೂ ಮನಿ ಒಲಿಮ್ಯಾಲ ರೊಟ್ಟಿ ಸುಟ್ಟು ತಂದು ಉಣಸೋದು, ಅಷ್ಟರಾಗ ನಮ್ಮ ಕಟಿಗಿ ಒಣಗಲಿ ಅಂತ. ಕಟಿಗಿ ಒಣಗಸೋ ಕೆಲಸ ಎಕ್ಮೋ ಮಾಡೂದಿಲ್ಲ, ಅದನ್ನ ಔಷಧ ಮತ್ತ ದೇಹನ ಮಾಡಬೇಕು. ಬಾಜೂ ಮನಿ ಒಲೀನೂ ಪುಕ್ಕಟ ಅಲ್ಲ, ನಳಿಗ್ಯಾಗ ರಕ್ತ ಹೆಪ್ಪುಗಟ್ಟಬಾರದಂತ ಹೆಪಾರಿನ್ ಕೊಡ್ತಾರ, ಅದರಿಂದ ಮೆದುಳಿನಾಗ ಬ್ಲೀಡಿಂಗ್ ಆಗಬಹುದು, ಸೋಂಕು ತಗಲಬಹುದು. ಖರ್ಚಂತೂ ಕೇಳಬ್ಯಾಡ್ರಿ.

ನಮ್ಮ ಮಂದಿ ಈ ಹೆಸರು ಕೇಳಿದ್ದು 2016ರ ಡಿಸೆಂಬರಿನಾಗ ಜಯಲಲಿತಾ ಅವರ ಸುದ್ದ್ಯಾಗ, ಆಮ್ಯಾಲ ಎಸ್‌ಪಿಬಿ ಸುದ್ದ್ಯಾಗ. ಇಬ್ಬರೂ ಉಳೀಲಿಲ್ಲ, ಅದಕ್ಕ ಅತ್ತಿ ಎದಿ ಧಸಕ್ ಅಂದದ್ದು ತಪ್ಪಲ್ಲ. ಆದ್ರ "ಎಕ್ಮೋ ಅಂದ್ರ ಮುಗೀತು" ಅನ್ನೋದು ಇನ್ನೊಂದು ತಪ್ಪು ಬಳಕೆ. ನೆದರ್‌ಲ್ಯಾಂಡ್ಸಿನಾಗ ಡಯಾಲಿಸಿಸ್ ಮಷಿನ್ ಕಟ್ಟಿದ ವಿಲ್ಲೆಮ್ ಕಾಲ್ಫ್, 1940ರ ದಶಕದಾಗ ಸೆಲೋಫೇನ್ ಪೊರಿಯೊಳಗ ಹರಿಯೋ ರಕ್ತ ತಾನ ಕೆಂಪಗ ಆಗೋದನ್ನ ಕಂಡಿದ್ದ, ಪೊರೆ ಮೂಲಕ ಆಕ್ಸಿಜನ್ ಹೋಗತೈತಿ ಅನ್ನೋ ವಿಚಾರಕ್ಕ ಅದ ದಾರಿ ಆತು. 1975ರಾಗ ಕ್ಯಾಲಿಫೋರ್ನಿಯಾದಾಗ ಡಾಕ್ಟರ್ ರಾಬರ್ಟ್ ಬಾರ್ಟ್ಲೆಟ್ ತಂಡದವರು ಆಗಷ್ಟ ಹುಟ್ಟಿದ ಕೂಸಿಗೆ ಎಕ್ಮೋ ಹಚ್ಚಿದ್ರು, ತಾಯಿ ಬಿಟ್ಟು ಹೋಗಿದ್ದ ಕೂಸು, ನರ್ಸುಗಳು ಅದಕ್ಕ ಎಸ್ಪೆರಾಂಜಾ ಅಂತ ಹೆಸರಿಟ್ರು, ಸ್ಪ್ಯಾನಿಷ್‌ದಾಗ ಆಸೆ, ಭರವಸೆ ಅಂತ. ಆ ಕೂಸು ಉಳದು ದೊಡ್ಡಕಿ ಆದ್ಲು.

ಕಾಕಾನ ಎಕೋ ರಿಪೋರ್ಟಿನ ಫೋಟೋ ಸಂಜೀಕ ಬಂತು, ಇಎಫ್ 60, ಅಂದ್ರ ಒಂದೊಂದು ಬಡಿತಕ್ಕ ಹಾರ್ಟ್ ತನ್ನೊಳಗಿನ ರಕ್ತದಾಗ ನೂರಕ್ಕ 60 ಪಾಲು ಹೊರಗ ನೂಕತೈತಿ, ಹಾರ್ಟ್ ಚಲೋನ ಐತಿ. ಗ್ರೂಪಿನ ಮೆಸೇಜಿನಾಗ 'ಕ್ಮೋ' ತಗದು 'ಕೋ' ಮಾಡಿಸೇನಿ, ಅತ್ತೀಗೆ ಫೋನ್ ಮಾಡಿ ಎರಡೆರಡ ಸಲ ಓದಿ ಹೇಳೇನಿ.