ಕೋಡ್ ಇಲ್ಲದ ಹಳೇ ಲೆನ್ಸು ಡಿಜಿಟಲ್ ಲೈಕಾಗೆ ನಡೆಯುತ್ತಾ?

ದಾವಣಗೆರೆಯಿಂದ ಒಬ್ರು ಕೇಳಿದ್ದು: "ಅಣ್ಣಾ, ನಮ್ ಮಾವನ ಕಾಲದ ಲೈಕಾ ಲೆನ್ಸು ಎರಡು ಅದಾವೆ, 50 ಎಂಎಂದು ಒಂದು, 21ರದ್ದು ಒಂದು. ಈಗ ಸೆಕೆಂಡ್ ಹ್ಯಾಂಡ್ ಎಂ9 ಬಾಡಿ ತಗೊಂಡೀನಿ. ಲೆನ್ಸ್ ಹಿಂದ್ಗಡೆ ಕರಿ-ಬಿಳಿ ಚುಕ್ಕಿ ಇರ್ಬೇಕಂತಾರೆ, ಇವುಕ್ಕೆ ಇಲ್ಲ. ಹಂಗೇ ಹಾಕ್ಬೋದಾ, ಇಲ್ಲಾ ಮೊದ್ಲು ಕೋಡ್ ಮಾಡಿಸ್ಬೇಕಾ?"

50ನ್ನ ಧೈರ್ಯವಾಗಿ ಹಾಕಿ (ಕೆಳಗೆ ಹೇಳಿರೋ ಮಾಡೆಲ್ ಆಗಿರದಿದ್ರೆ), ಕೋಡ್ ಗೀಡ್ ಏನೂ ಬೇಡ. ತಲೆ ಕೆಡಿಸ್ಕೊಳ್ಳೋದೇನಿದ್ರೂ 21ರ ವಿಷಯದಲ್ಲಿ, ಅದಕ್ಕೂ ಮೊದಲೇ ದುಡ್ಡು ಖರ್ಚು ಮಾಡ್ಬೇಡಿ.

ಆ ಚುಕ್ಕಿನೇ ಕೋಡ್, ಶುರುವಾಗಿದ್ದು 2006ರಲ್ಲಿ ಲೈಕಾದ ಎಂ8 ಕ್ಯಾಮೆರಾ ಜೊತೆ. ಲೆನ್ಸನ್ನ ಬಾಡಿಗೆ ಸಿಕ್ಕಿಸೋ ಮೌಂಟ್ ರಿಂಗ್ ಮೇಲೆ ಆರು ಜಾಗ, ಒಂದೊಂದೂ ಕರಿ ಇಲ್ಲಾ ಬಿಳಿ, ಅಂದ್ರೆ 64 ಥರದ ಜೋಡಣೆ. ಬಾಡಿ ಒಳಗಿನ ಸೆನ್ಸರ್ ಅದನ್ನ ಓದಿ "ಓಹೋ ಇದು ಇಂಥ ಲೆನ್ಸು" ಅಂತ ತಿಳ್ಕೊಳ್ಳುತ್ತೆ ಅಷ್ಟೇ, ಫೋಕಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಫೋಕಸ್ ನೋಡೋ ರೇಂಜ್‌ಫೈಂಡರ್ ಪೂರ್ತಿ ಮೆಕ್ಯಾನಿಕಲ್. 1954ರಲ್ಲಿ ಎಂ3 ಜೊತೆ ಬಂದ ಮೌಂಟೇ ಇವತ್ತಿಗೂ ನಡೀತಿರೋದ್ರಿಂದ ಆಗಿನ ಲೆನ್ಸು ಈಗಿನ ಬಾಡಿಗೂ ಕೂರುತ್ತೆ.

ಹಂಗಾದ್ರೆ ಕ್ಯಾಮೆರಾಗೆ ಲೆನ್ಸಿನ ಹೆಸರು ಯಾಕೆ ಬೇಕು? ಮೂಲೆಗಳಿಗೋಸ್ಕರ. ಹಳೇ ವೈಡ್ ಲೆನ್ಸುಗಳನ್ನ (ನಿಮ್ಮ 21ರ ಥರ ಅಗಲವಾಗಿ ತೋರ್ಸೋವು) ಫಿಲ್ಮ್‌ಗೆ ಅಂತ ಮಾಡಿದ್ದು, ಹಿಂದಿನ ಗಾಜು ಫಿಲ್ಮ್ ಹತ್ರಕ್ಕೇ ಬಂದು ಕೂತಿರುತ್ತೆ, ಹಾಗಾಗಿ ಅಂಚಿಗೆ ಬೀಳೋ ಬೆಳಕು ತೀರಾ ಓರೆಯಾಗಿ ಬೀಳುತ್ತೆ. ಫಿಲ್ಮ್ ಅದನ್ನ ಸಹಿಸ್ಕೊಳ್ತಿತ್ತು. ಫೋಟೋ ಹಿಡಿಯೋ ಸೆನ್ಸರ್ ಮೇಲೆ ಗಾಜಿನ ಪದರ, ಬಣ್ಣದ ಫಿಲ್ಟರು, ಪುಟಾಣಿ ಮೈಕ್ರೋಲೆನ್ಸು ಎಲ್ಲಾ ಇರೋದ್ರಿಂದ ಓರೆ ಬೆಳಕು ಸರಿಯಾದ ಪಿಕ್ಸೆಲ್‌ಗೆ ಬೀಳದೆ ಅಂಚು ಕಪ್ಪಾಗುತ್ತೆ, ಒಂದು ಪಕ್ಕ ಕೆಂಪು ಇನ್ನೊಂದು ಪಕ್ಕ ಹಸಿರು-ನೀಲಿ ಥರ ಬಣ್ಣ ಬಳ್ಕೊಳ್ಳುತ್ತೆ. ಲೆನ್ಸ್ ಯಾವ್ದು ಅಂತ ಗೊತ್ತಿದ್ರೆ ಕ್ಯಾಮೆರಾ ಆ ಬಣ್ಣನ ಲೆಕ್ಕ ಹಾಕಿ ತೆಗೆಯುತ್ತೆ. 50, 90, 135ರಲ್ಲಿ ಬೆಳಕು ಹೆಚ್ಚುಕಮ್ಮಿ ನೇರವಾಗೇ ಬರೋದ್ರಿಂದ ಈ ಗೋಳಿಲ್ಲ, ಕೋಡ್ ಇಲ್ದೆ ಇದ್ರೆ ಫೋಟೋ ಡೀಟೇಲ್ಸ್‌ನಲ್ಲಿ ಲೆನ್ಸ್ ಹೆಸರು ಬರಲ್ಲ, ಅದು ಬಿಟ್ರೆ ನಷ್ಟ ಏನಿಲ್ಲ. 35 ನಡುಮಧ್ಯದ್ದು, ಲೆನ್ಸ್ ನೋಡಿ ಹೇಳ್ಬೇಕು.

ಎಂ8 ತಗೊಂಡಿದ್ರೆ ನನ್ನ ಉತ್ತರ ಬೇರೆ ಇರ್ತಿತ್ತು. ಅದ್ರಲ್ಲಿ ಇನ್‌ಫ್ರಾರೆಡ್ ತಡೆಯೋ ಪದರ ತೆಳು, ದಾವಣಗೆರೆ ಕೋರ್ಟ್ ಮುಂದೆ ನಿಂತ್ಕೊಂಡು ತೆಗೆದ್ರೆ ವಕೀಲರ ಸಿಂಥೆಟಿಕ್ ಕರಿ ಕೋಟು ನೇರಳೆ ಬಣ್ಣಕ್ಕೆ ಬರ್ಬೋದು, ಅದಕ್ಕೆ ಲೆನ್ಸ್ ಮುಂದೆ ಫಿಲ್ಟರ್ ಹಾಕ್ಬೇಕು, ಫಿಲ್ಟರ್ ಹಾಕಿದ್ರೆ ವೈಡ್‌ನಲ್ಲಿ ಮೂಲೆ ಹಸಿರು-ನೀಲಿ ಆಗುತ್ತೆ, ಅದನ್ನ ಸರಿ ಮಾಡೋಕೆ ಕೋಡ್ ಬೇಕೇ ಬೇಕು, ಯಾಕಂದ್ರೆ ಲೆನ್ಸ್ ಹೆಸರನ್ನ ಕೈಯಲ್ಲಿ ಆರಿಸೋ ಮೆನು ಎಂ8ರಲ್ಲಿ ಇಲ್ಲ. ನಿಮ್ಮ ಎಂ9ರಲ್ಲಿ ಇದೆ. ಲೆನ್ಸ್ ಡಿಟೆಕ್ಷನ್‌ಗೆ ಹೋಗಿ ಮ್ಯಾನುಯಲ್ ಅಂತ ಮಾಡಿ ಪಟ್ಟಿಲಿ ನಿಮ್ಮ ಲೆನ್ಸನ್ನ, ಅದು ಇಲ್ದಿದ್ರೆ ಅದಕ್ಕೆ ಹತ್ರದ್ದನ್ನ ಆರಿಸಿ. ಕೋಡ್ ಮಾಡೋ ಕೆಲಸನೇ ಇದು, ಪುಕ್ಕಟೆ.

ಆದ್ರೆ ಒಂದು ಕಿರಿಕಿರಿ ಇದೆ. ಮ್ಯಾನುಯಲ್‌ನಲ್ಲಿ ಆರಿಸಿದ್ದು ನೀವಾಗೇ ಬದ್ಲಾಯಿಸೋವರೆಗೂ ಹಂಗೇ ಇರುತ್ತೆ. ಚಿತ್ರದುರ್ಗದ ಕೋಟೆ ಮೇಲೆ 21 ಹಾಕಿ ಏಕನಾಥೇಶ್ವರಿ ಗುಡಿ ಕಡೆ ತೆಗೆದು, ಆಮೇಲೆ 50 ಹಾಕಿ ಮೆನು ಮರೆತ್ರಿ ಅನ್ಕೊಳ್ಳಿ, 21ಕ್ಕೆ ಮಾಡೋ ತಿದ್ದುಪಡಿನೇ 50ಕ್ಕೂ ಬೀಳುತ್ತೆ, ಅದೂ ರಾ ಫೈಲಲ್ಲೇ (ಕ್ಯಾಮೆರಾದ ಮೂಲ ಫೈಲು) ಕೂತ್ಬಿಡುತ್ತೆ. ಲೆನ್ಸ್ ಬದ್ಲಾಯಿಸಿದ್ ಕೂಡ್ಲೇ ಮೆನು ನೋಡೋದು ಅಭ್ಯಾಸ ಮಾಡ್ಕೊಳ್ಳಿ.

ಹಾಕೋಕ್ ಮುಂಚೆ ಲೆನ್ಸ್ ಮೇಲಿನ ಹೆಸರು ಸರಿಯಾಗಿ ಓದಿ. ಎಲ್ಲಾ ಹಳೇದೂ ಹೋಗಲ್ಲ: 15ರ ಹೊಲೋಗಾನ್, ಹತ್ರದ ಫೋಕಸ್ ಇರೋ 50ರ ಸಮ್ಮಿಕ್ರಾನ್, ಒಳಗೆ ಮಡಚೋ ಹಳೇ 90ರ ಎಲ್ಮಾರ್, ಇವನ್ನ ಡಿಜಿಟಲ್ ಬಾಡಿಗೆ ಹಾಕ್ಬೇಡಿ ಅಂತ ಎಂ9ರ ಪುಸ್ತಕದಲ್ಲೇ ಇದೆ. ನಿಮ್ಮ 21 ಸೂಪರ್ ಆಂಗುಲಾನ್ ಆಗಿದ್ರೆ (ಆ ಕಾಲದ್ದು ಅಂದ್ರೆ ಬಹುಶಃ ಅದೇ) ಕೂರುತ್ತೆ, ಆದ್ರೆ ಹಿಂದಿನ ಗಾಜು ಒಳಗೆ ಚಾಚ್ಕೊಂಡು ಬೆಳಕು ಅಳೆಯೋ ಮೀಟರ್‌ಗೆ ಅಡ್ಡ ಬರೋದ್ರಿಂದ ಮೀಟರ್ ಲೆಕ್ಕಕ್ಕಿಲ್ಲ. ಮೊಬೈಲ್‌ನಲ್ಲಿ ಲೈಟ್ ಮೀಟರ್ ಆಪ್ ಇಟ್ಕೊಳ್ಳಿ, ಇಲ್ಲಾ ಒಂದು ಶಾಟ್ ತೆಗೆದು ಸ್ಕ್ರೀನ್ ನೋಡಿ ಅಡ್ಜಸ್ಟ್ ಮಾಡ್ಕೊಳ್ಳಿ. ಮಡಚೋ ಥರದ 50 ಇದ್ರೆ ಬಾಡಿ ಮೇಲಿದ್ದಾಗ ಯಾವತ್ತೂ ಒಳಗೆ ತಳ್ಳಬೇಡಿ.

ಸೂಪರ್ ಆಂಗುಲಾನ್‌ಗೆ ಮೆನು ಒಂದೇ ಸಾಕಾಗಲ್ಲ, ಅದು ಹಠಮಾರಿ ಲೆನ್ಸು. ಮೋಡ ಕವಿದ ದಿನ ಬಿಳಿ ಅಕ್ರಿಲಿಕ್ ತುಂಡನ್ನ ಲೆನ್ಸ್ ಬಾಯಿಗೆ ಒತ್ತಿ ಹಿಡಿದು, ಫೋಟೋ ತೆಗೆಯೋ ಅದೇ ಬೆಳಕಲ್ಲಿ, ಅದೇ ಅಪರ್ಚರ್‌ನಲ್ಲಿ (ಲೆನ್ಸ್ ಕಿಂಡಿ ಅಳತೆ) ಒಂದು ಶಾಟ್ ತೆಗೀರಿ. ಲೈಟ್‌ರೂಮ್ ಅನ್ನೋ ಫೋಟೋ ಸಾಫ್ಟ್‌ವೇರ್‌ನ ಫ್ಲಾಟ್ ಫೀಲ್ಡ್ ಕರೆಕ್ಷನ್‌ಗೆ ಆ ಶಾಟ್ ಕೊಟ್ರೆ ಬೇರೆ ಫೋಟೋಗಳ ಮೂಲೆನೂ ಅದೇ ಲೆಕ್ಕದಲ್ಲಿ ಸರಿ ಮಾಡುತ್ತೆ. ಕಾರ್ನರ್‌ಫಿಕ್ಸ್ ಅಂತ ಫ್ರೀ ಸಾಫ್ಟ್‌ವೇರೂ ಇದೆ, ಇದೇ ಕೆಲಸಕ್ಕೆ. ಇಷ್ಟಾದ್ರೂ ಕೆಂಪು ಉಳೀತು ಅಂದ್ರೆ ಕಪ್ಪುಬಿಳುಪು ಮಾಡಿ. ಚಿತ್ರದುರ್ಗದ ಬಂಡೆಗಳು ಹಂಗೇ ಚೆನ್ನಾಗ್ ಕಾಣೋದು, ಇದು ನನ್ನ ಹಠ ಅನ್ಕೊಳ್ಳಿ.

ಕೆಲವ್ರು ಮಾರ್ಕರ್ ಪೆನ್ನಲ್ಲಿ ಮೌಂಟ್ ಮೇಲೆ ಚುಕ್ಕಿ ಇಟ್ಕೊಳ್ತಾರೆ. ಕೆಲಸ ಮಾಡುತ್ತೆ, ಆದ್ರೆ ಹಾಕಿ ತೆಗೆಯೋವಾಗ ಉಜ್ಜಿ ಹೋಗುತ್ತೆ. ಕಂಪನಿಗೆ ಕಳ್ಸಿ ರಿಂಗ್ ಬದ್ಲಾಯಿಸೋದು, ದಿನಾ ಎರಡು ಮೂರು ಲೆನ್ಸ್ ಅದಲು ಬದಲು ಮಾಡೋರಿಗೆ ಮಾತ್ರ ಲಾಭ. ನಿಮಗಿರೋದು ಎರಡೇ ಲೆನ್ಸು, ಆ ದುಡ್ಡಲ್ಲಿ ಒಳಗಿನ ಫಂಗಸ್ ಕ್ಲೀನ್ ಮಾಡಿಸಿ. ಮೊಬೈಲ್ ಟಾರ್ಚ್ ಹಿಂದ್ಗಡೆಯಿಂದ ಬಿಟ್ಟು ನೋಡಿ, ಬಲೆ ಥರ ಎಳೆ ಕಂಡ್ರೆ ಅದೇ ಫಂಗಸ್ಸು, ಬೀರುವಿನಲ್ಲಿ ವರ್ಷಾನುಗಟ್ಲೆ ಬಿದ್ದಿದ್ದಕ್ಕೆ ಇರೋ ಚಾನ್ಸ್ ಜಾಸ್ತಿ. ಅದು ಸರಿಯಾದ್ಮೇಲೆ 50ರಲ್ಲಿ ಅಪರ್ಚರ್ ಪೂರ್ತಿ ತೆಗೆದು ಒಂದು ಮೀಟರ್ ದೂರದ ಪೇಪರ್ ಅಕ್ಷರಕ್ಕೆ ಫೋಕಸ್ ಮಾಡಿ ಕಂಪ್ಯೂಟರ್‌ನಲ್ಲಿ ಜೂಮ್ ಮಾಡಿ ನೋಡಿ, ಅಕ್ಷರ ಬಿಟ್ಟು ಹಿಂದೆ ಮುಂದೆ ಎಲ್ಲೋ ಶಾರ್ಪ್ ಇದ್ರೆ ಲೆನ್ಸನ್ನೋ ರೇಂಜ್‌ಫೈಂಡರನ್ನೋ ಅಡ್ಜಸ್ಟ್ ಮಾಡಿಸ್ಬೇಕು, ಅದನ್ನ ಯಾವ ಕೋಡೂ ಸರಿ ಮಾಡಲ್ಲ.