ಬೆಳಗಿನ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಆಗುವುದಿಲ್ಲ

ನಮ್ಮ ಕಡೆ ತಾರಸಿಗೆ ಮೆಂಬ್ರೇನ್, ಅಂದರೆ ನೀರು ಸೋರದಂತೆ ಹಾಸುವ ಶೀಟ್, ಹಾಕಿಸುವವರು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲೇ ಹಾಕಿಸುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ದೀಪಾವಳಿವರೆಗೆ ಆ ಕೆಲಸ ಮುಟ್ಟುವ ಹಾಗಿಲ್ಲ. ಹಾಗಾಗಿ ತೀರ್ಥಹಳ್ಳಿ, ಹೊಸನಗರದ ಮಳೆಯನ್ನು ತಡೆಯಬೇಕಾದ ಜಾಯಿಂಟ್‌ಗಳನ್ನು ನಾವು ಸುಡು ಬಿಸಿಲಿನಲ್ಲಿ ಬೆಸೆಯುತ್ತೇವೆ. ಬಿಸಿಲಿದ್ದರೆ ಒಳ್ಳೆಯದೇ ಅಲ್ವಾ, ಬೇಗ ಅಂಟುತ್ತದೆ ಎಂದು ಮನೆಯವರು ಕೇಳುತ್ತಾರೆ. ಬೇಗ ಅಂಟುವುದು ನಿಜ. ತೊಂದರೆ ಶುರುವಾಗುವುದೂ ಅಲ್ಲೇ.

ಪಿವಿಸಿ, ಟಿಪಿಒ ಎಂಬ ಎರಡು ಬಗೆಯ ಪ್ಲಾಸ್ಟಿಕ್ ಶೀಟ್‌ಗಳಿಗೆ ಗೋಂದು ಹಾಕಿ ಜಾಯಿಂಟ್ ಮಾಡುವುದಿಲ್ಲ. ಒಂದರ ಅಂಚನ್ನು ಇನ್ನೊಂದರ ಮೇಲೆ ತಂದು, ನಡುವೆ ಬಿಸಿ ಗಾಳಿ ಊದಿ, ಎರಡೂ ಮೈ ಕರಗಿದ ಕೂಡಲೇ ರೋಲರ್‌ನಿಂದ ಒತ್ತುತ್ತೇವೆ. ಮೆಷಿನ್‌ನ ಬಾಯಿಂದ ಬರುವ ಗಾಳಿ 400ರಿಂದ 600 ಡಿಗ್ರಿ ಇರುತ್ತದೆ. ಬಿಸಿ, ವೇಗ, ಒತ್ತಡ ಈ ಮೂರೂ ಹೊಂದಿದರೆ ಎರಡು ಶೀಟ್ ಒಂದೇ ಶೀಟ್ ಆಗುತ್ತವೆ.

ಲೆಕ್ಕ ಹಾಕಿ ನೋಡಿ. ಶೀಟಿನ ಮೈ ಕರಗಲು 200 ಡಿಗ್ರಿ ಬೇಕು ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಏಳೂವರೆಗೆ ಶೀಟ್ 25 ಡಿಗ್ರಿಯಲ್ಲಿದ್ದರೆ ಇನ್ನೂ 175 ಡಿಗ್ರಿ ಏರಿಸಬೇಕು. ಶಿವಮೊಗ್ಗದಲ್ಲಿ ಮಧ್ಯಾಹ್ನದ ಗಾಳಿ 37, 38 ಡಿಗ್ರಿ ಇದ್ದಾಗ ಬೂದು ಬಣ್ಣದ ಶೀಟಿನ ಮೈ 60 ದಾಟುತ್ತದೆ. ಆಗ ಬೇಕಾಗುವುದು 140 ಡಿಗ್ರಿ ಮಾತ್ರ, ಅಂದರೆ ಐದನೇ ಒಂದು ಭಾಗ ಕಡಿಮೆ. ಬೆಳಗಿನ ಸೆಟ್ಟಿಂಗ್‌ನಲ್ಲೇ ಮೆಷಿನ್ ಓಡಿಸಿದರೆ ಶೀಟ್ ಸುಡುತ್ತದೆ. ಅಂಚು ಕಂದಾಗುತ್ತದೆ, ಹೊಗೆ ಏಳುತ್ತದೆ, ಶೀಟಿನ ಗಟ್ಟಿತನಕ್ಕೆ ಒಳಗಿಟ್ಟ ನೂಲಿನ ಬಲೆ ಹೊರಗೆ ಕಾಣುತ್ತದೆ. ಪಿವಿಸಿ ಸುಟ್ಟ ಹೊಗೆಯಲ್ಲಿ ಆಸಿಡ್ ಇರುತ್ತದೆ, ಕೆಲಸದವರು ಅದನ್ನು ಉಸಿರಾಡಬಾರದು. ಹೊಗೆ ಕಂಡರೆ ಮೆಷಿನ್ ನಿಲ್ಲಿಸಿ, ವೇಗ ಜಾಸ್ತಿ ಮಾಡಿ, ಇಲ್ಲವೇ ಬಿಸಿ ಇಳಿಸಿ.

ಇದಕ್ಕೆ ಉಲ್ಟಾ ಆಗುವುದು ಕರೆಂಟ್‌ನಿಂದ. ಬೇಸಿಗೆಯಲ್ಲಿ ಹಳ್ಳಿ ಕಡೆ ವೋಲ್ಟೇಜ್ ಬೀಳುವುದು ಎಲ್ಲರಿಗೂ ಗೊತ್ತು. 230 ಇರಬೇಕಾದದ್ದು 200ಕ್ಕೆ ಇಳಿದರೆ ಹೀಟರ್‌ನ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಕೆಳಗಿನ ಮನೆಯಿಂದ ಸಣ್ಣ ವೈರ್‌ನಲ್ಲಿ ಉದ್ದಕ್ಕೆ ಎಳೆದು ತಂದರೆ ಇನ್ನೂ ಕಡಿಮೆ. ಮಧ್ಯಾಹ್ನ ಬಿಸಿಲು ಈ ಕೊರತೆಯನ್ನು ಮುಚ್ಚಿಬಿಡುತ್ತದೆ. ನಾಲ್ಕು ಗಂಟೆಗೆ ಮೋಡ ಕವಿದು ಗಾಳಿ ಬೀಸಿತು ಎನ್ನಿ, ಶೀಟ್ ತಣ್ಣಗಾಗುತ್ತದೆ, ಮೆಷಿನ್ ದುರ್ಬಲವಾಗಿಯೇ ಇರುತ್ತದೆ. ಆಗ ಬರುವ ಜಾಯಿಂಟ್ ನೋಡಲು ಚೆಂದ, ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಸುಟ್ಟ ಜಾಯಿಂಟ್‌ಗಿಂತ ನನಗೆ ಇದರ ಭಯವೇ ಹೆಚ್ಚು, ಏಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ತುಂಡು ಪರೀಕ್ಷೆ. ಎರಡು ಚೂರು ಶೀಟ್ ಬೆಸೆದು, ಪೂರ್ತಿ ತಣ್ಣಗಾಗಲು ಬಿಟ್ಟು, ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ ಎಳೆಯಬೇಕು. ಶೀಟೇ ಹರಿದು ಬಲೆ ಕಂಡರೆ ಬೆಸುಗೆ ಸರಿ. ಎರಡೂ ಮೈ ನುಣ್ಣಗೆ ಬಿಟ್ಟುಕೊಂಡರೆ ತಪ್ಪು. ಬೆಳಿಗ್ಗೆ ಒಮ್ಮೆ ಮಾಡಿ ಮುಗಿಸುವ ಶಾಸ್ತ್ರ ಅಲ್ಲ ಇದು. ಬಿಸಿಲೇರಿದಾಗ, ಮೋಡ ಬಂದಾಗ, ಊಟ ಮುಗಿಸಿ ಮೆಷಿನ್ ಮತ್ತೆ ಹಚ್ಚಿದಾಗ, ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಯಿಸಿದಾಗ, ಪ್ರತಿ ಸಲವೂ ಮಾಡಲೇಬೇಕು.

ನೀರು ಮತ್ತು ಧೂಳಿನ ವಿಷಯಕ್ಕೂ ಬೇಸಿಗೆಯಲ್ಲಿ ರಿಯಾಯಿತಿ ಇಲ್ಲ. ಮಲೆನಾಡಿನಲ್ಲಿ ಏಪ್ರಿಲ್ ಬೆಳಿಗ್ಗೆಯೂ ಇಬ್ಬನಿ ಬೀಳುವುದುಂಟು. ಅಂಚಿನ ಅಡಿ ಉಳಿದ ತೇವ ಆವಿಯಾಗಿ ಜಾಯಿಂಟ್‌ನಲ್ಲಿ ಗುಳ್ಳೆ ಮಾಡುತ್ತದೆ. ಬಗ್ಗಿ ಕೆಲಸ ಮಾಡುವವರ ಬೆವರ ಹನಿಯೂ ಅಷ್ಟೇ, ತಲೆಗೆ ಟವೆಲ್ ಕಟ್ಟಿಕೊಳ್ಳಲಿ. ರಸ್ತೆಯ ಕೆಂಪು ಧೂಳು ಅಂಚಿನ ಮೇಲೆ ಕೂತರೆ ಒಣ ಬಟ್ಟೆ ಸಾಲದು, ಶೀಟ್ ಕಂಪನಿ ಹೇಳಿದ ಕ್ಲೀನರ್‌ನಲ್ಲೇ ಒರೆಸಬೇಕು. ಇವತ್ತು ಹಾಸಿದ ಶೀಟನ್ನು ಇವತ್ತೇ ಬೆಸೆಯಿರಿ.

ಮೂರು ಶೀಟ್ ಒಂದೇ ಕಡೆ ಸೇರುವ ಜಾಗ ನೋಡಿಕೊಳ್ಳಿ. ಮಧ್ಯದ ಶೀಟಿನ ದಪ್ಪದ ಪಕ್ಕದಲ್ಲಿ ಸಣ್ಣ ಸುರಂಗ ಉಳಿಯುತ್ತದೆ, ಜಡಿಮಳೆಯ ನೀರು ಅಲ್ಲಿಂದ ನುಗ್ಗುತ್ತದೆ. ಆ ಮಧ್ಯದ ಶೀಟಿನ ಅಂಚನ್ನು ಮೊದಲೇ ಇಳಿಜಾರಾಗಿ ಹೆರೆದು, ಬೆಸೆದ ತಕ್ಷಣ ಸಣ್ಣ ಹಿತ್ತಾಳೆ ರೋಲರ್‌ನಿಂದ ಒತ್ತಬೇಕು. ಟಿಪಿಒ ಆದರೆ ಮೇಲೊಂದು ಪ್ಯಾಚ್ ಹಾಕುವುದೇ ಕ್ಷೇಮ.

ಇನ್ನೊಂದು ಮಾತು. ಮಧ್ಯಾಹ್ನ ಶೀಟ್ ಹಿಗ್ಗಿರುತ್ತದೆ, ರಾತ್ರಿ ಕುಗ್ಗುತ್ತದೆ. ಪ್ಯಾರಪೆಟ್ ಗೋಡೆಯ ಬುಡದಲ್ಲಿ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹೊಡೆಯದಿದ್ದರೆ ಮೂಲೆಯಲ್ಲಿ ಮೇಲೆದ್ದು ನಿಲ್ಲುತ್ತದೆ. ರೋಲ್ ಬಿಚ್ಚಿದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ, ಸುಕ್ಕು ತಾನಾಗೇ ಕೂರುತ್ತದೆ. ಉದ್ದದ ಜಾಯಿಂಟ್‌ಗಳನ್ನು ಹನ್ನೊಂದರೊಳಗೆ ಮುಗಿಸುವುದು ಒಳ್ಳೆಯದು. ಸುಡು ಮಧ್ಯಾಹ್ನ ಜನಕ್ಕೂ ನೆರಳು, ಮಜ್ಜಿಗೆ ಬೇಕು. ಅಡಿಕೆ ಹರವುವ ತಾರಸಿಯಾದರೆ ಈ ಶೀಟ್ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ, ಎಳೆಯುವ ಹಲಗೆಯೇ ಅದನ್ನು ಗೀರಿಹಾಕುತ್ತದೆ.

ಎಲ್ಲಾದರೂ ಬಿಟ್ಟುಕೊಂಡಿದೆಯೇ ಎಂದು ಮೊನೆಯ ಕಡ್ಡಿಯಿಂದ ಪ್ರತಿ ಜಾಯಿಂಟ್‌ನ ಅಂಚು ತಡವಿ ನೋಡುವುದು ಶೀಟ್ ತಣ್ಣಗಾದ ಮೇಲೆಯೇ. ಬಿಸಿ ಇರುವಾಗ ತಡವಿದರೆ ಒಳ್ಳೆಯ ಜಾಯಿಂಟೂ ಹಾಳಾಗುತ್ತದೆ. ಮನೆಯವರು ಕೊನೆಯ ಕಂತಿನ ದುಡ್ಡು ಕೊಡುವ ಮೊದಲು ತುಂಡು ಪರೀಕ್ಷೆಯ ಪಟ್ಟಿಗಳನ್ನು ಕೇಳಿ. ಪ್ರತಿ ಪಟ್ಟಿಯ ಮೇಲೆ ಮಾರ್ಕರ್‌ನಲ್ಲಿ ದಿನ, ಗಂಟೆ, ಮೆಷಿನ್‌ನ ಬಿಸಿ, ವೇಗ ಬರೆದಿರಬೇಕು. ಇಡೀ ದಿನಕ್ಕೆ ಒಂದೇ ಪಟ್ಟಿ ಕೊಟ್ಟರೆ, ಮಧ್ಯಾಹ್ನದ ನಂತರ ಬೆಸೆದ ಜಾಯಿಂಟ್‌ಗಳನ್ನು ಮಳೆಗೆ ಮೊದಲೇ ಮತ್ತೆ ತಡವಿಸಿ.