ಎಲ್ಲಾ ಗೊಂಬಿಗೂ ಕೂದ್ಲು ಹಾರ್ಬೇಕೇನ್ರಿ?

ಹೋದ ಬ್ಯಾಸಿಗ್ಯಾಗ ಗಂಗಾವತಿಯಿಂದ ಒಂದು ಫೋನು. "ಅಣ್ಣಾ, ಲೈವ್‌ನಾಗ ನನ್ ಗೊಂಬಿ ನಿಂತ್ ನಿಂತ್ ಆಡಾಕತ್ತೈತಿ, ನೆಟ್ ಬದಲ್ಸಬೇಕೇನು?" ಈ ಹುಡುಗಿ ತನ್ನ ಮುಖ ತೋರ್ಸಂಗಿಲ್ಲ, ವೆಬ್‌ಕ್ಯಾಮು ಆಕಿ ಮುಖದ ಚಲನೆ ಹಿಡಿದು ಕೊಡ್ತೈತಿ, ಸ್ಕ್ರೀನ್ ಮ್ಯಾಲ ಇಳಕಲ್ ಸೀರಿ ಉಟ್ಟ ಅವತಾರ್ ಮಾತಾಡ್ತೈತಿ, ವಾರಕ್ಕೊಮ್ಮಿ ಪಿಯುಸಿ ಹುಡುಗ್ರಿಗೆ ಕ್ವಿಜ್ ನಡಸ್ತಾಳ. ಕಮೆಂಟ್‌ನಾಗ ಒಂದು ಕಮಾಂಡ್ ಹಾಕಿದ್ರ ನೋಡೋರದೂ ಒಂದೊಂದು ಗೊಂಬಿ ಸ್ಟೇಜಿಗೆ ಬರ್ತೈತಿ. ಮಜಾನೂ ಅದ, ರೋಗಾನೂ ಅದ.

ನಮ್ ಕಡೆ ಏನ್ ಕೆಟ್ರೂ ಮೊದ್ಲು ಬೈಸ್ಕೊಳ್ಳೋದು ನೆಟ್ಟು. ಲೈವ್ ಕಳ್ಸೋ ಸಾಫ್ಟ್‌ವೇರ್ ಒಬಿಎಸ್‌ನಾಗ ಸ್ಟ್ಯಾಟ್ಸ್ ಕಿಟಕಿ ತಗೀರಿ ಅಂದೆ. ಅಲ್ಲಿ ಮೂರು ಲೆಕ್ಕ ಬ್ಯಾರೆ ಬ್ಯಾರೆ ಇರ್ತಾವ: ನೆಟ್ವರ್ಕ್‌ನಿಂದ ಬಿದ್ದ ಫ್ರೇಮು (ವಿಡಿಯೋದ ಒಂದೊಂದು ಚಿತ್ರ), ಎನ್‌ಕೋಡಿಂಗ್ (ವಿಡಿಯೋ ಒತ್ತಿ ಸಣ್ಣದು ಮಾಡೋದು) ತಡ ಆಗಿ ಬಿಟ್ಟಿದ್ದು, ರೆಂಡರಿಂಗ್ (ಚಿತ್ರ ಬರಿಯೋದು) ತಡ ಆಗಿ ತಪ್ಪಿದ್ದು. ಆಕಿದು ನೆಟ್ವರ್ಕ್ ಸೊನ್ನಿ, ರೆಂಡರಿಂಗ್ ಮಾತ್ರ ಏರ್ಕೋಂತ ಹೊಂಟಿತ್ತು. ನೆಟ್ಟಿಗೆ ರೊಕ್ಕ ಹಾಕಿದ್ರ ಅಷ್ಟೂ ತುಂಗಭದ್ರಾ ಪಾಲು.

ಲೆಕ್ಕ ಸರಳ ಐತ್ರಿ, ಸೆಕೆಂಡಿಗೆ 60 ಫ್ರೇಮ್ ಅಂದ್ರ ಒಂದು ಫ್ರೇಮಿಗೆ 16.67 ಮಿಲಿಸೆಕೆಂಡ್, 30 ಅಂದ್ರ 33 ಚಿಲ್ಲರೆ, ಅಷ್ಟ್ರೊಳಗ ಅವತಾರ್, ಕೂದ್ಲಿನ ಫಿಸಿಕ್ಸು, ನೆರಳು, ಬಂದೋರ ಗೊಂಬಿ ಎಲ್ಲಾ ಬರದು ಮುಗ್ಸಬೇಕು, ಮ್ಯಾಲ ಒಬಿಎಸ್ ತನ್ನ ಸೀನ್ ಜೋಡ್ಸೋದಕ್ಕೂ ಅದ ಜಿಪಿಯು (ಚಿತ್ರ ಬರಿಯೋ ಚಿಪ್ಪು) ಕೇಳ್ತೈತಿ. "ನಾನು ಎನ್‌ವೆಂಕ್ (NVENC) ಹಾಕೀನಲ್ಲಾ" ಅಂತಾರ ಮಂದಿ. ಅದು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನಾಗ ಎನ್‌ಕೋಡಿಂಗ್‌ಗಂತ ಇರೋ ಬ್ಯಾರೆ ಭಾಗ, ಸಿಪಿಯು ಹೊರೆ ಇಳಸ್ತೈತಿ ಖರೆ, ಆದ್ರ ಸೀನ್ ಜೋಡ್ಸೋ ಕೆಲ್ಸ ಅದರದಲ್ಲ. ವಿಂಡೋಸ್‌ನಾಗ ಒಬಿಎಸ್‌ನ ಅಡ್ಮಿನಿಸ್ಟ್ರೇಟರ್ ಆಗಿ ಓಡ್ಸಿದ್ರ ಅದಕ್ಕ ಜಿಪಿಯು ಪಾಳಿ ಮೊದ್ಲು ಸಿಗ್ತೈತಿ, ಸ್ವಲ್ಪ ಉಸಿರು ಬರ್ತೈತಿ.

ಆಕಿ ಮಾಡಿದ್ ತಪ್ಪೇನಂದ್ರ ಬಂದೋರಿಗೆಲ್ಲಾ ಪೂರಾ ಮೂರು ಆಯಾಮದ ಗೊಂಬಿ ಕೊಟ್ಟಿದ್ಲು. ಉದ್ದ ಅಗಲ 4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ (ಗೊಂಬಿ ಮೈಮ್ಯಾಲ ಹೊದಸೋ ಚಿತ್ರ) ಕಂಪ್ರೆಸ್ ಮಾಡ್ದಂಗ ಇಟ್ರ ಕಾರ್ಡಿನ ಮೆಮೊರಿ 64 ಎಂಬಿ. ಗೊಂಬಿಗೆ ಎರಡು, ಹತ್ತು ಗೊಂಬಿ, ಅಲ್ಲಿಗೇ 1280 ಎಂಬಿ ಹೋತು. ಸ್ಕ್ರೀನ್ ಮ್ಯಾಲ ಆ ಗೊಂಬಿ ಬೆರಳುದ್ದ! ಇನ್ನ ಒಂದೊಂದು ಮೆಟೀರಿಯಲ್ಲಿಗೂ (ಚರ್ಮ, ಬಟ್ಟಿ, ಕೂದ್ಲಿನಂಥ ಮೇಲ್ಮೈ) ಒಂದೊಂದು ಡ್ರಾ ಕಾಲ್, ಅಂದ್ರ "ಇದನ್ನ ಬರಿ" ಅಂತ ಜಿಪಿಯುಗೆ ಒಂದು ಹುಕುಂ, 40 ಗೊಂಬಿಗೆ ಹತ್ತತ್ತು ಮೆಟೀರಿಯಲ್ ಅಂದ್ರ 400, ನೆರಳು ಸೇರಿದ್ರ ಇನ್ನೂ ಜಾಸ್ತಿ.

ನನಗ ನೆನಪಾಗಿದ್ದು ತೊಗಲುಗೊಂಬಿ. ನಮ್ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತಲ್ಲ, ಅದ ಆಟ. ಅದ್ರಾಗ ದೇವ್ರು, ರಾಜರ ಗೊಂಬಿ ದೊಡ್ಡವು, ಆಳು ಕಾಳುಗಳವು ಸಣ್ಣವು, ಎಲ್ಲಾ ಚಪ್ಪಟಿ, ಹಿಂದ ಒಂದು ಬೆಳಕು. ಅದನ್ನ ಹಂಗ ತಂದ್ವಿ. ನಡಸೋ ಹುಡುಗಿ ಅವತಾರಿಗೆ ಪೂರಾ ಮರ್ಯಾದಿ, ಕೂದ್ಲು ಹಾರ್ಲಿ. ಆ ಹೊತ್ತಿಗೆ ಉತ್ತರ ಹೇಳಾಕತ್ತ ಒಬ್ರು ಇಬ್ರಿಗೆ ಕಡಿಮಿ ಪಾಲಿಗಾನ್‌ದು (ಗೊಂಬಿ ಮೈ ಕಟ್ಟೋ ಸಣ್ಣ ಚೂರು) ಮಧ್ಯಮ ಗೊಂಬಿ. ಉಳಿದೋರೆಲ್ಲಾ ಚಪ್ಪಟಿ ಕಾರ್ಡು, ಎಲ್ಲಾರ ಚಿತ್ರಾನೂ ಒಂದ ದೊಡ್ಡ ಟೆಕ್ಸ್ಚರಿನಾಗ, ಇನ್‌ಸ್ಟಾನ್ಸಿಂಗ್ (ಒಂದ ಆಕಾರನ ಭಾಳ ಸಲ ಒಮ್ಮೆಲೇ ಬರಿಯೋದು) ಮಾಡಿ ಒಂದ ಡ್ರಾ ಕಾಲ್‌ನಾಗ ಎಲ್ಲಾರೂ ಬರ್ತಾರ, ಸೆಕೆಂಡಿಗೆ 12 ಸಲ ಅಲ್ಲಾಡಿದ್ರ ಸಾಕು. ಹೆಸ್ರು ಮಾತ್ರ ಎಲ್ಲಾರದೂ ನಿಚ್ಚಳ ಕಾಣ್ಬೇಕು. ನೋಡೋರು ಬಂದಿರೋದ ಹೆಸ್ರಿಗೆ, ತಮ್ಮ ಗೊಂಬಿ ಜಡಿ ಅಲ್ಲಾಡ್ತೈತೋ ಇಲ್ಲೋ ಯಾರೂ ನೋಡಂಗಿಲ್ಲ.

ಹೂ ಎಸಿಯೋ ಕಮಾಂಡಿಂದೂ ಹಿಂಗ. ಇನ್ನೂರು ಮಂದಿ ಒಮ್ಮೆಲೇ ಎಸದ್ರ ಇನ್ನೂರು ಹೂ ಬ್ಯಾಡ, ಅರ್ಧ ಸೆಕೆಂಡ್ ತಡದು, ಒಟ್ಟುಗೂಡ್ಸಿ ಒಂದು ಬುಟ್ಟಿ ಸುರೀರಿ, ಮ್ಯಾಲ 200 ಅಂತ ಬರೀರಿ. ಲೈವ್ ಹೆಂಗೂ ನೋಡೋರ ಹತ್ರ ಹೋಗೋಕ ಕೆಲವು ಸೆಕೆಂಡ್ ಹಿಡೀತೈತಿ, ಈ ಅರ್ಧ ಸೆಕೆಂಡ್ ಯಾರಿಗೂ ಗೊತ್ತಾಗಂಗಿಲ್ಲ. ಆದ್ರ ಒಂದು ಹುಷಾರಿ. ಹೂ ಬಿಟ್ರ ನಡೀತೈತಿ, ಉತ್ತರ ಬಿಡಂಗಿಲ್ಲ. ಯಾರು ಮೊದ್ಲು ಅನ್ನೋದನ್ನ ಕಮೆಂಟ್ ಬಂದ ಟೈಮಿನಿಂದ ಎಣಸ್ರಿ, ಸ್ಕ್ರೀನ್ ಮ್ಯಾಲ ಗೊಂಬಿ ಎದ್ದ ಟೈಮಿನಿಂದ ಅಲ್ಲ, ಇಲ್ಲಾಂದ್ರ ಜಗಳ ನಿಮ್ಮ ಮನಿ ಬಾಗ್ಲಿಗೆ.

ಒಂದು ಫ್ರೇಮ್ ಬರಿಯೋಕ ಹಿಡಿಯೋ ಹೊತ್ತು ನೋಡ್ಕೊಂಡು, ಹೊರೆ ಏರಿದ್ರ ಗೊಂಬಿ ದರ್ಜೆ ತಾನ ಇಳಿಯೋ ಹಂಗನೂ ಮಾಡಿದ್ವಿ. ಇಲ್ಲಿ ನಾನ ಮೊದ್ಲು ಎಡವಿದ್ದೆ, ಇಳ್ಸೋ ಗಡಿ, ಏರ್ಸೋ ಗಡಿ ಎರಡೂ 14 ಮಿಲಿಸೆಕೆಂಡೇ ಇಟ್ಟು ಗೊಂಬಿ ಬರ್ತಾ ಹೋಗ್ತಾ ಮಿಣಮಿಣ ಅನ್ನಾಕತ್ತಿದ್ವು. ಆಮ್ಯಾಲ 14ಕ್ಕ ಇಳ್ಸೋದು, 10ಕ್ಕಿಂತ ಕೆಳಗ ಸ್ವಲ್ಪ ಹೊತ್ತು ನಿಂತ್ರಷ್ಟ ಏರ್ಸೋದು ಅಂತ ಮಾಡಿದೆ. ಇನ್ನೊಂದ್ ಮಾತು, ಟೆಸ್ಟಿಂಗ್‌ನ ರಾತ್ರಿ ಎಸಿ ಹಾಕ್ಕೊಂಡು ಐದು ನಿಮಿಷ ಮಾಡಬ್ಯಾಡ್ರಿ. ನಮ್ ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪ್ ಬಿಸಿ ಆಗಿ ತಾನ ವೇಗ ಇಳಿಸ್ಕೊಂಡ್ರ ರಾತ್ರಿ ಲೆಕ್ಕ ಸುಳ್ಳಾಗ್ತೈತಿ. ಒಂದ್ ತಾಸರ ಓಡ್ಸಿ ನೋಡ್ರಿ.

ಹೊಸ ಏರ್ಪಾಡಿನ ಮೊದಲ ಲೈವ್‌ನಾಗ ಒಬ್ಬ ಹುಡುಗ ಕಮೆಂಟ್ ಹಾಕಿದ, "ಅಕ್ಕಾ, ನನ್ ಗೊಂಬಿ ಯಾಕ ಚಪ್ಪಟಿ ಆತು?" ಆಕಿ ಅಂದ್ಲು, "ಉತ್ತರ ಹೇಳಪಾ, ಉಬ್ಬತೈತಿ."